ವರ್ಗಾಂತರ: ಬಳ್ಳಿಗಾವಿಯ ಅಳತೆಗೋಲಿನಿಂದ ದ್ವೀಪಸಮುದ್ರಗಳವರೆಗೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಇಂದಿಗೂ ಉಳಿದಿರುವ ಗಂಡಭೇರುಂಡ ಸ್ತಂಭವನ್ನು ಕ್ರಿ.ಶ. 1047ರಲ್ಲಿ ನಿಲ್ಲಿಸಿದವನು ಚಾಮುಂಡರಾಯರಸ. ಕಲ್ಯಾಣ ಚಾಲುಕ್ಯರ ತ್ರೈಲೋಕ್ಯಮಲ್ಲ ಸೋಮೇಶ್ವರನ ಕೈಕೆಳಗೆ ಅವನು ಬನವಾಸಿ 12000ವನ್ನು ಆಳುತ್ತಿದ್ದ. ಆ ನಾಡಿನ ರಾಜಧಾನಿ ಬಳ್ಳಿಗಾವಿ. ಮರುವರ್ಷ, 1048ರಲ್ಲಿ, ಅದೇ ಅಧಿಕಾರಿ ಬಳಗಾರ ಗಣದ ಕೇಶವನಂದಿ ಭಟಾರರ ಬಸದಿಗೆ ಜಿಡ್ಡುಳಿಗೆ ನಾಡಿನಲ್ಲಿ ಗದ್ದೆಯನ್ನು ದಾನವಾಗಿ ಬಿಟ್ಟ. ಇಲ್ಲಿನ ದಾನಶಾಸನಗಳಲ್ಲಿ ಭೂಮಿಯನ್ನು ಅಳೆದ ಕೋಲಿನ ಹೆಸರು ‘ಭೇರುಂಡ ಗಳೆ’ ಎಂದು ಬರುತ್ತದೆ. ಸ್ತಂಭದ ಹೆಸರೂ ಕೋಲಿನ ಹೆಸರೂ ಒಂದೇ ಆಗಿರುವುದು ಆಕಸ್ಮಿಕವಲ್ಲ. ಊರಿನ ನಡುವೆ ಎಲ್ಲರ ಕಣ್ಣಿಗೂ ಕಾಣುವಂತೆ ನಿಂತ ಲಾಂಛನದ ಹೆಸರನ್ನು ಹೊತ್ತ ಅಳತೆಗೋಲು ರಾಜಮುದ್ರೆಯಷ್ಟೇ ನಂಬಿಕೆಗೆ ಅರ್ಹವಾದುದು.

ಶಾಸನಗಳನ್ನು ಓದುವವರು ಸಾಮಾನ್ಯವಾಗಿ ದಾನಿಯ ಬಿರುದಾವಳಿಯನ್ನೂ ಗುರುಪರಂಪರೆಯನ್ನೂ ಗುರುತು ಹಾಕಿಕೊಂಡು, ಮತ್ತರು, ಕಮ್ಮ, ಗಳೆಗಳ ಲೆಕ್ಕ ಬಂದೊಡನೆ ಮುಂದಿನ ಸಾಲಿಗೆ ಹಾರುತ್ತಾರೆ. ಆದರೆ ದಾನವನ್ನು ಪಡೆದ ಬಸದಿಗೆ ಆ ಲೆಕ್ಕವೇ ಜೀವಾಳ. ಮುನಿಗಳ ಆಹಾರದಾನ, ದೇವರ ಅಷ್ಟವಿಧಾರ್ಚನೆ, ಬಸದಿಯ ಖಂಡಸ್ಫುಟಿತ ಜೀರ್ಣೋದ್ಧಾರ ಎಲ್ಲವೂ ಆ ಗದ್ದೆಯ ಹುಟ್ಟುವಳಿಯಿಂದ ನಡೆಯಬೇಕಾಗಿತ್ತು. ಹಾಗಿರುವಾಗ ಗದ್ದೆ ಎಷ್ಟು ಎಂಬುದರ ಜೊತೆಗೆ ಯಾವ ಕೋಲಿನಿಂದ ಅಳೆದದ್ದು ಎಂಬುದನ್ನೂ ಕಲ್ಲಿನಲ್ಲಿ ಕೊರೆಸಬೇಕಾದ ಅಗತ್ಯವೇನಿತ್ತು? ಈ ಪ್ರಶ್ನೆಗೆ ಉತ್ತರ ಬೀಜಗಣಿತದ ಒಂದು ಸರಳ ಸೂತ್ರದಲ್ಲಿದೆ.

ಕೋಲು ಬದಲಾದರೆ ಏನಾಗುತ್ತದೆ

ನಡುಗಾಲದ ಕರ್ನಾಟಕದಲ್ಲಿ ಅಳತೆಗೋಲು ಊರಿಂದ ಊರಿಗೆ, ನಾಡಿಂದ ನಾಡಿಗೆ ಬೇರೆಯಾಗಿರುತ್ತಿತ್ತು. ಉದಾಹರಣೆಗಾಗಿ ಒಂದು ಕೋಲು 18 ಗೇಣು, ಇನ್ನೊಂದು 16 ಗೇಣು ಉದ್ದವಿದೆ ಎಂದು ಇಟ್ಟುಕೊಳ್ಳೋಣ. ಎರಡಕ್ಕೂ ಇರುವ ಅಂತರ 2 ಗೇಣು. ದೊಡ್ಡ ಕೋಲಿನ ಒಂಬತ್ತರಲ್ಲಿ ಒಂದು ಪಾಲು. ಕೇಳಿದವರಿಗೆ ಇದು ಅಲ್ಪವೆನಿಸಬಹುದು. ಆದರೆ ಭೂಮಿಯ ಅಳತೆ ಉದ್ದದ ಅಳತೆಯಲ್ಲ, ಕ್ಷೇತ್ರದ ಅಳತೆ. ದೊಡ್ಡ ಕೋಲಿನಿಂದ ಒಂದು ಚದರ ಗಳೆ ಎಂದರೆ 324 ಚದರ ಗೇಣು; ಚಿಕ್ಕ ಕೋಲಿನಿಂದ ಅದೇ ಒಂದು ಚದರ ಗಳೆ 256 ಚದರ ಗೇಣು. ಇವೆರಡರ ಅಂತರ 68. ಅಂದರೆ ಕೋಲಿನಲ್ಲಿ ಒಂಬತ್ತರಲ್ಲೊಂದು ಪಾಲು ಕಡಿಮೆಯಾದರೆ ನೆಲದಲ್ಲಿ ಐದರಲ್ಲೊಂದು ಪಾಲಿಗಿಂತಲೂ ಹೆಚ್ಚು ಕಳೆದುಹೋಗುತ್ತದೆ. ದಾನದ ಮಾತು ಹಾಗೆಯೇ ಉಳಿದು, ಮತ್ತರುಗಳ ಸಂಖ್ಯೆಯೂ ಹಾಗೆಯೇ ಉಳಿದು, ಕೋಲು ಮಾತ್ರ ಬದಲಾದರೆ ಬಸದಿಗೆ ಆಗುವ ನಷ್ಟ ಇಷ್ಟು.

68 ಎಂಬ ಸಂಖ್ಯೆ ಎಲ್ಲಿಂದ ಬಂತು? ಎರಡು ಕೋಲುಗಳ ಮೊತ್ತ 34, ಅಂತರ 2. ಇವುಗಳ ಗುಣಲಬ್ಧ 68. ವರ್ಗಗಳನ್ನು ಬೇರೆ ಬೇರೆಯಾಗಿ ಮಾಡಿ ಕಳೆಯದೆಯೇ, ಮೊತ್ತವನ್ನು ಅಂತರದಿಂದ ಗುಣಿಸಿದರೆ ವರ್ಗಗಳ ಅಂತರ ದೊರಕುತ್ತದೆ. ಇಂದಿನ ಶಾಲಾ ಪುಸ್ತಕಗಳು ಇದನ್ನು ಅ² − ಬ² = (ಅ + ಬ)(ಅ − ಬ) ಎಂದು ಬರೆದು, ವರ್ಗಗಳ ವ್ಯತ್ಯಾಸದ ಅಪವರ್ತನ ಎಂದು ಕರೆಯುತ್ತವೆ. ಪ್ರಾಚೀನ ಭಾರತೀಯ ಗಣಿತದಲ್ಲಿ ಇದಕ್ಕೆ ‘ವರ್ಗಾಂತರ’ ಎಂಬ ಹೆಸರಿದೆ. ಎರಡು ರಾಶಿಗಳ ಯೋಗವನ್ನು ಅವುಗಳ ಅಂತರದಿಂದ ಗುಣಿಸಿದರೆ ವರ್ಗಾಂತರ. ವರ್ಗಾಂತರವನ್ನು ಅಂತರದಿಂದ ಭಾಗಿಸಿದರೆ ಯೋಗ.

ಇದು ಏಕೆ ನಿಜ ಎಂಬುದಕ್ಕೆ ಅಕ್ಷರಗಳ ಬೀಜಗಣಿತ ಬೇಕಿಲ್ಲ, ಒಂದು ಗದ್ದೆ ಸಾಕು. 10 ಗಳೆ ಬಾಹುವಿನ ಚೌಕದ ಗದ್ದೆಯೊಂದರ ಮೂಲೆಯಲ್ಲಿ 4 ಗಳೆ ಬಾಹುವಿನ ಚೌಕವನ್ನು ಕೆರೆಗೆ ಬಿಟ್ಟರೆ, ಉಳಿಯುವುದು 100ರಲ್ಲಿ 16 ಕಳೆದು 84 ಚದರ ಗಳೆ. ಉಳಿದ ನೆಲ ಮೂಲೆಗಟ್ಟಿನ ಆಕಾರದಲ್ಲಿರುತ್ತದೆ. ಅದನ್ನು ಒಂದು ಗೆರೆಯಿಂದ ಎರಡಾಗಿ ಸೀಳಿದರೆ, ಒಂದು ತುಂಡು 10 ಗಳೆ ಉದ್ದ 6 ಗಳೆ ಅಗಲ; ಇನ್ನೊಂದು ತುಂಡು 4 ಗಳೆ ಉದ್ದ 6 ಗಳೆ ಅಗಲ. ಎರಡಕ್ಕೂ ಅಗಲ ಒಂದೇ ಆದ್ದರಿಂದ ಒಂದರ ತುದಿಗೆ ಇನ್ನೊಂದನ್ನು ಇಟ್ಟರೆ 14 ಗಳೆ ಉದ್ದ 6 ಗಳೆ ಅಗಲದ ಆಯತವಾಗುತ್ತದೆ. 14 ಎಂಬುದು ಬಾಹುಗಳ ಯೋಗ, 6 ಎಂಬುದು ಅಂತರ. ನೆಲ ಕೂಡಲಿಲ್ಲ, ಕಳೆಯಲಿಲ್ಲ. ಆಕಾರ ಮಾತ್ರ ಬದಲಾಯಿತು.

ಬನವಾಸಿ ನಾಡು ಮತ್ತು ಅಮೋಘವರ್ಷನ ಆಸ್ಥಾನ

ಈ ಸೂತ್ರವನ್ನು ಕನ್ನಡ ನಾಡಿನಲ್ಲಿ ಶಾಸ್ತ್ರವಾಗಿ ನಿರೂಪಿಸಿದವರು ಮಹಾವೀರಾಚಾರ್ಯರು. ಅವರ ‘ಗಣಿತಸಾರಸಂಗ್ರಹ’ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದ್ದು, ಸುಮಾರು ಕ್ರಿ.ಶ. 850ರದು, ಗ್ರಂಥದ ಆರಂಭದಲ್ಲಿಯೇ ಆ ಚಕ್ರವರ್ತಿಯ ಸ್ತುತಿಯಿದೆ. ‘ಕವಿರಾಜಮಾರ್ಗ’ದ ಆಸ್ಥಾನವೂ, ಆದಿಪುರಾಣದ ಕರ್ತೃಗಳಾದ ಜಿನಸೇನಾಚಾರ್ಯರು ಗುರುಗಳಾಗಿದ್ದ ಆಸ್ಥಾನವೂ ಅದೇ. ಜಿನಸೇನರ ಪುರಾಣದಲ್ಲಿ ಆದಿನಾಥನು ತನ್ನ ಹೆಣ್ಣುಮಕ್ಕಳಾದ ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಅಂಕವನ್ನೂ ಕಲಿಸುವ ಪ್ರಸಂಗವಿದೆ. ಅಕ್ಷರ ಮತ್ತು ಅಂಕಗಳು ಒಡಹುಟ್ಟಿದವುಗಳು ಎಂಬ ಈ ಭಾವನೆ ಆ ಕಾಲದ ವಿದ್ವತ್ತಿನ ಸ್ವರೂಪವನ್ನೇ ಹೇಳುತ್ತದೆ.

ಬಳ್ಳಿಗಾವಿ ಸೀಮೆಗೂ ಅಮೋಘವರ್ಷನಿಗೂ ಇರುವ ಸಂಬಂಧ ನೇರವಾದುದು. ಬನವಾಸಿ ನಾಡನ್ನು ಅವನ ಪರವಾಗಿ ಆಳಿದವನು ಬಂಕೆಯ. ಬಂಕೆಯನ ಮಗ ಲೋಕಾದಿತ್ಯ ಅದೇ ನಾಡನ್ನು ಬಂಕಾಪುರದಿಂದ ಆಳುತ್ತಿದ್ದಾಗ, ಶಕ 820ರಲ್ಲಿ, ಅಂದರೆ ಕ್ರಿ.ಶ. 898ರಲ್ಲಿ, ಗುಣಭದ್ರಾಚಾರ್ಯರ ‘ಉತ್ತರಪುರಾಣ’ಕ್ಕೆ ಪೂಜೆ ಸಂದಿತು. 10ನೆಯ ಶತಮಾನದ ಆರಂಭದಲ್ಲಿ ನಾಗರಖಂಡ 70ನ್ನು ಆಳಿದ ಜಕ್ಕಿಯಬ್ಬೆ ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟಳು. ಆ ಬಂದಣಿಕೆ ಇಂದಿನ ಶಿಕಾರಿಪುರ ತಾಲ್ಲೂಕಿನ ಬಂದಳಿಕೆ. 1068ರಲ್ಲಿ ಬಳ್ಳಿಗಾವಿಯ ಮಲ್ಲಿಕಾಮೋದ ಶಾಂತಿನಾಥ ಬಸದಿ ಶಿಲಾಮಯವಾಗುವಂತೆ ಮಾಡಿದವನು ‘ಸುಕುಮಾರಚರಿತೆ’ಯ ಕವಿ ಶಾಂತಿನಾಥ; ಅವನು ಲಕ್ಷ್ಮನೃಪನ ಆಡಳಿತದಲ್ಲಿ ಅಧಿಕಾರಿಯಾಗಿದ್ದ. ಕಾವ್ಯ ಬರೆಯುವ ಕೈಯೂ ರಾಜ್ಯದ ಲೆಕ್ಕ ನೋಡುವ ಕೈಯೂ ಒಂದೇ ಆಗಿದ್ದ ಲೋಕವದು. ಅಂಥ ಲೋಕಕ್ಕೆ ಬೇಕಾದ ಗಣಿತವನ್ನು ಮಹಾವೀರಾಚಾರ್ಯರು ಒಂಬತ್ತು ಅಧ್ಯಾಯಗಳಲ್ಲಿ, ಸಾವಿರದ ನೂರಕ್ಕೂ ಮೀರಿದ ಪದ್ಯಗಳಲ್ಲಿ ಸಂಗ್ರಹಿಸಿದರು.

ಅವರಿಗಿಂತ ಹಿಂದಿನ ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಜ್ಯೋತಿಷ ಸಿದ್ಧಾಂತದ ಅಂಗವಾಗಿ ಒಂದೆರಡು ಅಧ್ಯಾಯಗಳಲ್ಲಿ ಹೇಳಿದ್ದರು. ಮಹಾವೀರಾಚಾರ್ಯರು ಗ್ರಹಗತಿಗಳ ಮಾತನ್ನು ಬಿಟ್ಟು ಕೇವಲ ಗಣಿತಕ್ಕೆ ಒಂದು ಪೂರ್ಣ ಗ್ರಂಥವನ್ನು ಮೀಸಲಿಟ್ಟರು. ಕಾಮಶಾಸ್ತ್ರ, ಅರ್ಥಶಾಸ್ತ್ರ, ಸಂಗೀತ, ನಾಟ್ಯ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ಅಲಂಕಾರ, ಕಾವ್ಯ, ತರ್ಕ, ವ್ಯಾಕರಣ ಇವೆಲ್ಲಕ್ಕೂ ಗಣಿತ ಬೇಕು ಎಂದು ಅವರು ಮೊದಲ ಅಧ್ಯಾಯದಲ್ಲಿ ಹೇಳುತ್ತಾರೆ. ದ್ವೀಪ, ಸಮುದ್ರ, ಪರ್ವತಗಳ ವ್ಯಾಸ ಪರಿಧಿಗಳೂ ಗಣಿತದಿಂದಲೇ ತಿಳಿಯತಕ್ಕವು ಎಂದು ಅಲ್ಲಿಯೇ ಸೇರಿಸುತ್ತಾರೆ. ಈ ಕೊನೆಯ ಮಾತು ಮುಂದಿನ ವಿಚಾರಕ್ಕೆ ಮುಖ್ಯವಾದುದು.

ಒಂದು ಪದ್ಯದಲ್ಲಿ ಮೂರು ದಾರಿ

ಗಣಿತಸಾರಸಂಗ್ರಹದ ಎರಡನೆಯ ಅಧ್ಯಾಯವಾದ ಪರಿಕರ್ಮ ವ್ಯವಹಾರದಲ್ಲಿ ವರ್ಗ ಮಾಡುವ ಕ್ರಮವನ್ನು ಹೇಳುವಾಗ ಆಚಾರ್ಯರು ಒಂದೇ ಪದ್ಯದಲ್ಲಿ ಮೂರು ದಾರಿಗಳನ್ನು ಕೊಡುತ್ತಾರೆ. ಮೊದಲನೆಯದು ಎಲ್ಲರಿಗೂ ತಿಳಿದದ್ದು: ಸಮಾನವಾದ ಎರಡು ರಾಶಿಗಳ ಗುಣಾಕಾರ. ಎರಡನೆಯದು: ರಾಶಿಯಿಂದ ಇಷ್ಟಸಂಖ್ಯೆಯೊಂದನ್ನು ಕಳೆದು, ಅದೇ ಇಷ್ಟವನ್ನು ರಾಶಿಗೆ ಕೂಡಿ, ಆ ಎರಡನ್ನೂ ಗುಣಿಸಿ, ಬಂದುದಕ್ಕೆ ಇಷ್ಟದ ವರ್ಗವನ್ನು ಸೇರಿಸುವುದು. ಮೂರನೆಯದು: ಒಂದರಿಂದ ಆರಂಭಿಸಿ ಎರಡೆರಡು ಏರುತ್ತ ಹೋಗುವ ಸಂಖ್ಯೆಗಳನ್ನು ಆ ರಾಶಿ ಎಷ್ಟಿದೆಯೋ ಅಷ್ಟು ಪದಗಳವರೆಗೆ ಕೂಡುವುದು.

ಎರಡನೆಯ ದಾರಿ ವರ್ಗಾಂತರದ ಸೂತ್ರವೇ. 75ರ ವರ್ಗ ಬೇಕಾದರೆ ಇಷ್ಟವನ್ನು 5 ಎಂದು ಆರಿಸಿ, 70 ಮತ್ತು 80ನ್ನು ಗುಣಿಸಿ 5600 ಪಡೆದು, 5ರ ವರ್ಗವಾದ 25ನ್ನು ಸೇರಿಸಿದರೆ 5625. 98ರ ವರ್ಗಕ್ಕೆ ಇಷ್ಟ 2. 96ನ್ನು 100ರಿಂದ ಗುಣಿಸಿ 4 ಸೇರಿಸಿದರೆ 9604. ಇಷ್ಟವನ್ನು ಆರಿಸುವ ಸ್ವಾತಂತ್ರ್ಯವೇ ಈ ಕ್ರಮದ ಬಲ. ಗುಣಾಕಾರ ಸುಲಭವಾಗುವ ಇಷ್ಟವನ್ನು ಕಂಡುಹಿಡಿಯುವುದು ಲೆಕ್ಕಿಗನ ಜಾಣ್ಮೆ.

ಮೂರನೆಯ ದಾರಿಯ ಬೆನ್ನಿಗಿರುವುದೂ ವರ್ಗಾಂತರವೇ. 1, 3, 5, 7, 9 ಇವುಗಳ ಮೊತ್ತ 25. ಇಲ್ಲಿ ಕೊನೆಗೆ ಕೂಡಿದ 9 ಎಂಬುದು 5ರ ವರ್ಗಕ್ಕೂ 4ರ ವರ್ಗಕ್ಕೂ ಇರುವ ಅಂತರ. ಒಂದರ ಪಕ್ಕದ ಇನ್ನೊಂದು ಸಂಖ್ಯೆಯಾದ್ದರಿಂದ ಅವುಗಳ ಅಂತರ 1. ಹಾಗಾಗಿ ವರ್ಗಾಂತರ ಅವುಗಳ ಯೋಗಕ್ಕೆ ಸಮ, ಅಂದರೆ 9. ಮೂರು ದಾರಿಗಳಲ್ಲಿ ಎರಡು ಒಂದೇ ಸತ್ಯದ ಮೇಲೆ ನಿಂತಿವೆ ಎಂಬುದನ್ನು ಆ ಪದ್ಯ ಬಾಯಿಬಿಟ್ಟು ಹೇಳುವುದಿಲ್ಲ. ಪಾಠ ಹೇಳುವ ಗುರುವಿಗೂ ಕೇಳುವ ಶಿಷ್ಯನಿಗೂ ಅದನ್ನು ಬಿಟ್ಟಿದೆ.

ಸಂಕ್ರಮಣ ಮತ್ತು ವಿಷಮ ಸಂಕ್ರಮಣ

ಆರನೆಯ ಅಧ್ಯಾಯವಾದ ಮಿಶ್ರಕ ವ್ಯವಹಾರದ ಆರಂಭದಲ್ಲಿ ಮಹಾವೀರಾಚಾರ್ಯರು ಎರಡು ಪಾರಿಭಾಷಿಕ ಪದಗಳನ್ನು ವಿವರಿಸುತ್ತಾರೆ. ಎರಡು ರಾಶಿಗಳ ಯೋಗವನ್ನೂ ಅಂತರವನ್ನೂ ಅರ್ಧಿಸುವುದು ಸಂಕ್ರಮಣ. ಭಾಜಕ ಮತ್ತು ಭಾಗಲಬ್ಧಗಳಿಗೆ ಅದೇ ಕ್ರಿಯೆಯನ್ನು ಮಾಡುವುದು ವಿಷಮ ಸಂಕ್ರಮಣ. ಮೊದಲ ಓದಿಗೆ ಒಣ ವ್ಯಾಖ್ಯೆಗಳಂತೆ ತೋರುವ ಇವು ವರ್ಗಾಂತರವನ್ನು ಹಿಮ್ಮುಖವಾಗಿ ಬಿಡಿಸುವ ಸಾಧನಗಳು. ವರ್ಗಾಂತರವೊಂದು ತಿಳಿದಿದ್ದು, ಅದು ಯಾವ ಎರಡು ವರ್ಗಗಳ ಅಂತರ ಎಂಬುದು ತಿಳಿಯದಿದ್ದರೆ, ಆ ಸಂಖ್ಯೆಯನ್ನು ಇಷ್ಟವಾದ ಭಾಜಕದಿಂದ ಭಾಗಿಸಬೇಕು. ಆಗ ಭಾಜಕ ಅಂತರವಾಗುತ್ತದೆ, ಭಾಗಲಬ್ಧ ಯೋಗವಾಗುತ್ತದೆ. ಎರಡನ್ನೂ ಕೂಡಿ ಅರ್ಧಿಸಿದರೆ ದೊಡ್ಡ ರಾಶಿ, ಕಳೆದು ಅರ್ಧಿಸಿದರೆ ಚಿಕ್ಕ ರಾಶಿ.

ಏಳನೆಯ ಅಧ್ಯಾಯವಾದ ಕ್ಷೇತ್ರಗಣಿತದಲ್ಲಿ ಇದರ ಪ್ರಯೋಜನ ಕಾಣುತ್ತದೆ. ಆಯತದ ಭುಜ, ಕೋಟಿ, ಕರ್ಣ ಮೂರೂ ಪೂರ್ಣಾಂಕಗಳಾಗುವಂತೆ ಕ್ಷೇತ್ರಗಳನ್ನು ಹುಟ್ಟಿಸುವ ಜನ್ಯ ವ್ಯವಹಾರದಲ್ಲಿ ಎರಡು ಬೀಜಗಳನ್ನು ತೆಗೆದುಕೊಂಡು, ಅವುಗಳ ವರ್ಗಾಂತರವನ್ನು ಕೋಟಿಯಾಗಿ, ಗುಣಲಬ್ಧದ ಇಮ್ಮಡಿಯನ್ನು ಭುಜವಾಗಿ, ವರ್ಗಗಳ ಯೋಗವನ್ನು ಕರ್ಣವಾಗಿ ಹೇಳಲಾಗಿದೆ. 3 ಮತ್ತು 2 ಬೀಜಗಳಾದರೆ ಕೋಟಿ 5, ಭುಜ 12, ಕರ್ಣ 13. ಒಂದು ಬಾಹು ಮಾತ್ರ ತಿಳಿದಾಗ ಉಳಿದೆರಡನ್ನು ಪಡೆಯಲು ವಿಷಮ ಸಂಕ್ರಮಣ ನೆರವಾಗುತ್ತದೆ. ಬಾಹು 12 ಆದರೆ ಅದರ ವರ್ಗ 144. ಇದು ಕರ್ಣದ ವರ್ಗಕ್ಕೂ ಇನ್ನೊಂದು ಬಾಹುವಿನ ವರ್ಗಕ್ಕೂ ಇರುವ ಅಂತರ. ಇಷ್ಟ 8 ಆದರೆ ಭಾಗಲಬ್ಧ 18. ಕರ್ಣ 13, ಬಾಹು 5. ಇಷ್ಟ 6 ಆದರೆ ಭಾಗಲಬ್ಧ 24. ಕರ್ಣ 15, ಬಾಹು 9. ಇಷ್ಟ 4 ಆದರೆ ಭಾಗಲಬ್ಧ 36. ಕರ್ಣ 20, ಬಾಹು 16. ಇಷ್ಟ 2 ಆದರೆ ಭಾಗಲಬ್ಧ 72. ಕರ್ಣ 37, ಬಾಹು 35. ಒಂದೇ ಸಂಖ್ಯೆಯನ್ನು ಬೇರೆ ಬೇರೆಯಾಗಿ ಅಪವರ್ತಿಸಿದಂತೆಲ್ಲ ಬೇರೆ ಬೇರೆ ಕ್ಷೇತ್ರಗಳು ಹುಟ್ಟುತ್ತವೆ.

ದ್ವೀಪಸಮುದ್ರಗಳ ಲೆಕ್ಕ

ಜೈನ ಗಣಿತ ಬೆಳೆದದ್ದು ಕರಣಾನುಯೋಗದ ಆಶ್ರಯದಲ್ಲಿ. ಮಧ್ಯಲೋಕದ ನಡುವೆ ಒಂದು ಲಕ್ಷ ಯೋಜನ ವ್ಯಾಸದ ಜಂಬೂದ್ವೀಪ. ಅದರ ಸುತ್ತ 2 ಲಕ್ಷ ಯೋಜನ ಅಗಲದ ಲವಣಸಮುದ್ರ. ಅದರ ಸುತ್ತ 4 ಲಕ್ಷದ ಧಾತಕೀಖಂಡ. ಆಮೇಲೆ 8 ಲಕ್ಷದ ಕಾಲೋದ ಸಮುದ್ರ, 16 ಲಕ್ಷದ ಪುಷ್ಕರವರ ದ್ವೀಪ. ಹೀಗೆ ಬಳೆಯೊಳಗೆ ಬಳೆಯಂತೆ, ಅಗಲ ಇಮ್ಮಡಿಯಾಗುತ್ತ ಹೋಗುವ ಈ ರಚನೆಯಲ್ಲಿ ಒಂದೊಂದು ವಲಯವೂ ಜಂಬೂದ್ವೀಪದ ಎಷ್ಟು ಪಟ್ಟು ದೊಡ್ಡದು ಎಂಬ ಪ್ರಶ್ನೆಯನ್ನು ಯತಿವೃಷಭಾಚಾರ್ಯರ ‘ತಿಲೋಯಪಣ್ಣತ್ತಿ’ ಎತ್ತಿಕೊಳ್ಳುತ್ತದೆ. 10ನೆಯ ಶತಮಾನದ ಕೊನೆಯ ಭಾಗದಲ್ಲಿ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ‘ತ್ರಿಲೋಕಸಾರ’ವೂ ಅದೇ ಪ್ರಶ್ನೆಗೆ ಸೂತ್ರವನ್ನು ಕೊಡುತ್ತದೆ. ಹೊರಗಿನ ವ್ಯಾಸದ ವರ್ಗದಲ್ಲಿ ಒಳಗಿನ ವ್ಯಾಸದ ವರ್ಗವನ್ನು ಕಳೆದು, ಜಂಬೂದ್ವೀಪದ ವ್ಯಾಸದ ವರ್ಗದಿಂದ ಭಾಗಿಸಿದರೆ ಅಷ್ಟು ಖಂಡಗಳು.

ಲಕ್ಷ ಯೋಜನವನ್ನು ಒಂದೆಂದು ಇಟ್ಟರೆ ವ್ಯಾಸಗಳು ಕ್ರಮವಾಗಿ 1, 5, 13, 29, 61. ಲವಣಸಮುದ್ರಕ್ಕೆ 25ರಲ್ಲಿ 1 ಕಳೆದು 24. ಯೋಗ 6ನ್ನು ಅಂತರ 4ರಿಂದ ಗುಣಿಸಿದರೂ ಅದೇ. ಧಾತಕೀಖಂಡಕ್ಕೆ 18ನ್ನು 8ರಿಂದ ಗುಣಿಸಿ 144. ಕಾಲೋದಕ್ಕೆ 42ನ್ನು 16ರಿಂದ ಗುಣಿಸಿ 672. ಪುಷ್ಕರವರಕ್ಕೆ 90ನ್ನು 32ರಿಂದ ಗುಣಿಸಿ 2880. ಧಾತಕೀಖಂಡದ 144 ಎಂಬ ಸಂಖ್ಯೆ ಮೇಲೆ ಹೇಳಿದ ಆಯತದ 144 ಎಂಬುದನ್ನು ಓದುಗರು ಗಮನಿಸಿರಬಹುದು. 13 ಮತ್ತು 5 ಲಕ್ಷ ಯೋಜನಗಳ ವ್ಯಾಸಗಳ ನಡುವಿನ ವಲಯವೂ, 13ರ ಕರ್ಣ 5ರ ಬಾಹುವಿನ ಆಯತವೂ ಒಂದೇ ವರ್ಗಾಂತರದ ಎರಡು ರೂಪಗಳು. ದ್ವೀಪದ ಅಳತೆ, ಗದ್ದೆಯ ಅಳತೆ ಎರಡಕ್ಕೂ ಗಣಿತ ಒಂದೇ.

ಈ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜೈನಾಚಾರ್ಯರು ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವನ್ನು 10ರ ವರ್ಗಮೂಲವೆಂದು ತೆಗೆದುಕೊಳ್ಳುತ್ತಿದ್ದರು. ಅದು ನಿಜವಾದ ಬೆಲೆಗಿಂತ ತುಸು ಹೆಚ್ಚು. ಆದರೆ ವಲಯವನ್ನು ಜಂಬೂದ್ವೀಪದೊಂದಿಗೆ ಹೋಲಿಸುವಾಗ ಆ ಪ್ರಮಾಣ ಎರಡು ಕಡೆಯೂ ಬಂದು ಹೊಡೆದುಹೋಗುತ್ತದೆ. ಹೀಗಾಗಿ 24, 144, 672, 2880 ಎಂಬ ಸಂಖ್ಯೆಗಳಲ್ಲಿ ಅಂದಾಜಿನ ಲೇಶವೂ ಇಲ್ಲ. ಮಹಾವೀರಾಚಾರ್ಯರು ನೇಮಿಕ್ಷೇತ್ರಕ್ಕೆ, ಅಂದರೆ ಗಾಲಿಯ ಪಟ್ಟಿಯಂಥ ಆಕಾರಕ್ಕೆ, ಒಳಪರಿಧಿ ಹೊರಪರಿಧಿಗಳ ಯೋಗದ ಅರ್ಧವನ್ನು ಅಗಲದಿಂದ ಗುಣಿಸಬೇಕೆಂದು ಹೇಳುವುದೂ ಇದೇ ಸೂತ್ರದ ಇನ್ನೊಂದು ರೂಪ. ಅಲ್ಲಿಯೂ ಯೋಗ ಒಂದು ಕಡೆ, ಅಂತರ ಇನ್ನೊಂದು ಕಡೆ.

ಭರತಕ್ಷೇತ್ರದ ಜ್ಯಾ, ಅಂದರೆ ಬಿಲ್ಲಿನ ಹೆದೆಯಂಥ ಗೆರೆ, ಇದಕ್ಕಿಂತಲೂ ಸ್ವಾರಸ್ಯಕರವಾದ ಉದಾಹರಣೆ. ಜಂಬೂದ್ವೀಪದ ದಕ್ಷಿಣದ ಅಂಚಿನಲ್ಲಿ ಬಿಲ್ಲಿನಾಕಾರದಲ್ಲಿರುವ ಭರತಕ್ಷೇತ್ರದ ವಿಸ್ತಾರ ದ್ವೀಪದ ವ್ಯಾಸದ 190ನೆಯ ಒಂದು ಭಾಗ, ಎಂದರೆ 526 ಯೋಜನ 6 ಕಲೆ. ಯೋಜನದ 19ನೆಯ ಒಂದು ಭಾಗಕ್ಕೆ ಕಲೆ ಎಂದು ಹೆಸರು. ಈ ವಿಸ್ತಾರವೇ ಬಿಲ್ಲಿನ ಬಾಣ. ಜ್ಯಾದ ಉದ್ದವನ್ನು ಕಂಡುಹಿಡಿಯಲು ತಿಲೋಯಪಣ್ಣತ್ತಿ ಹೇಳುವ ಕ್ರಮ ಹೀಗಿದೆ: ವ್ಯಾಸಾರ್ಧದ ವರ್ಗದಲ್ಲಿ, ಬಾಣವನ್ನು ಕಳೆದ ವ್ಯಾಸಾರ್ಧದ ವರ್ಗವನ್ನು ಕಳೆದು, ನಾಲ್ಕರಿಂದ ಗುಣಿಸಿ, ವರ್ಗಮೂಲ ತೆಗೆಯಬೇಕು. ತತ್ತ್ವಾರ್ಥಾಧಿಗಮ ಭಾಷ್ಯವೂ ತ್ರಿಲೋಕಸಾರವೂ ಹೇಳುವುದು ಬೇರೆ: ವ್ಯಾಸದಲ್ಲಿ ಬಾಣವನ್ನು ಕಳೆದು, ಉಳಿದುದನ್ನು ಬಾಣದ ನಾಲ್ಮಡಿಯಿಂದ ಗುಣಿಸಿ, ವರ್ಗಮೂಲ ತೆಗೆಯಬೇಕು. ಮೊದಲನೆಯದು ವರ್ಗಾಂತರ, ಎರಡನೆಯದು ಅದರ ಅಪವರ್ತಿತ ರೂಪ.

ಕಲೆಗಳಲ್ಲಿ ಲೆಕ್ಕ ಹಾಕಿದರೆ ವ್ಯಾಸಾರ್ಧ 9,50,000, ಬಾಣ 10,000. ಮೊದಲ ದಾರಿಯಲ್ಲಿ 9,50,000ದ ವರ್ಗದಲ್ಲಿ 9,40,000ದ ವರ್ಗವನ್ನು ಕಳೆಯಬೇಕು. ಎರಡನೆಯ ದಾರಿಯಲ್ಲಿ 18,90,000ವನ್ನು 10,000ದಿಂದ ಗುಣಿಸಿದರೆ ಮುಗಿಯಿತು. ಎರಡರಲ್ಲೂ ಬರುವುದು 1,890 ಕೋಟಿ. ಅದನ್ನು ನಾಲ್ಮಡಿಸಿ ವರ್ಗಮೂಲ ತೆಗೆದು ಯೋಜನಗಳಿಗೆ ಇಳಿಸಿದರೆ ಜ್ಯಾದ ಉದ್ದ 14,471 ಯೋಜನ ಮತ್ತು ಸುಮಾರು ಐದೂವರೆ ಕಲೆ. ಮೊದಲ ಸೂತ್ರ ಕ್ಷೇತ್ರದ ಆಕಾರವನ್ನು ಕಣ್ಣಿಗೆ ತೋರಿಸುತ್ತದೆ: ಕರ್ಣ, ಕೋಟಿ, ಭುಜ ಅಲ್ಲಿ ಎದ್ದು ಕಾಣುತ್ತವೆ. ಎರಡನೆಯ ಸೂತ್ರ ಲೆಕ್ಕಿಗನ ಕೈಯನ್ನು ಹಗುರ ಮಾಡುತ್ತದೆ. ಪರಂಪರೆ ಎರಡನ್ನೂ ಉಳಿಸಿಕೊಂಡಿತು.

ಯಾರ ಸೂತ್ರ?

ಈ ಸೂತ್ರವನ್ನು ಮೊದಲು ಕಂಡವರು ಜೈನರು ಎಂದಾಗಲಿ, ಕನ್ನಡ ನಾಡಿನವರು ಎಂದಾಗಲಿ ಹೇಳುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಯೂಕ್ಲಿಡನ ರೇಖಾಗಣಿತದ ಎರಡನೆಯ ಪುಸ್ತಕದಲ್ಲಿ ಇದು ಚೌಕ ಮತ್ತು ಆಯತಗಳ ಭಾಷೆಯಲ್ಲಿದೆ. ಬ್ರಹ್ಮಗುಪ್ತನ 628ರ ಸಿದ್ಧಾಂತ ಗ್ರಂಥದಲ್ಲಿಯೂ ಇಷ್ಟವನ್ನು ಕಳೆದು ಕೂಡಿ ವರ್ಗ ಮಾಡುವ ಕ್ರಮವಿದೆ. ಭಾಸ್ಕರಾಚಾರ್ಯನ 1150ರ ‘ಲೀಲಾವತಿ’ ಅದೇ ಕ್ರಮವನ್ನು ಹೇಳಿ, ಜೊತೆಗೆ ವರ್ಗಾಂತರವನ್ನು ರಾಶಿಗಳ ಅಂತರದಿಂದ ಭಾಗಿಸಿ ಯೋಗವನ್ನು ಪಡೆಯುವ ಸೂತ್ರವನ್ನೂ ಕೊಡುತ್ತದೆ. ರಾಶಿಗಳ ಅಂತರ 8, ವರ್ಗಾಂತರ 400 ಎಂದು ಅಲ್ಲಿನ ಲೆಕ್ಕ. 400ನ್ನು 8ರಿಂದ ಭಾಗಿಸಿದರೆ ಯೋಗ 50. ಸಂಕ್ರಮಣದಿಂದ ರಾಶಿಗಳು 29 ಮತ್ತು 21.

ಮಹಾವೀರಾಚಾರ್ಯರ ಹಿರಿಮೆ ಬೇರೆಡೆ ಇದೆ. ವರ್ಗ ಮಾಡುವ ಕ್ರಮದಲ್ಲಿ, ಸಂಕ್ರಮಣದಲ್ಲಿ, ಜನ್ಯಕ್ಷೇತ್ರದಲ್ಲಿ, ನೇಮಿಕ್ಷೇತ್ರದಲ್ಲಿ ಒಂದೇ ತತ್ತ್ವವನ್ನು ಅವರು ಅಧ್ಯಾಯದಿಂದ ಅಧ್ಯಾಯಕ್ಕೆ ಕೊಂಡೊಯ್ದರು. ಒಂದೊಂದಕ್ಕೂ ಖಚಿತವಾದ ಪರಿಭಾಷೆ ಕೊಟ್ಟರು. ಮಠದ ಶಿಷ್ಯನಿಗೂ ವ್ಯವಹಾರದ ಲೆಕ್ಕಿಗನಿಗೂ ಸಲ್ಲುವ ಉದಾಹರಣೆಗಳನ್ನು ಇಟ್ಟರು. ಆ ಗ್ರಂಥ ನಾಡಿನ ಎಲ್ಲೆಯನ್ನೂ ದಾಟಿತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಕನ್ನಡದಲ್ಲಿ 12ನೆಯ ಶತಮಾನದ ಜೈನಕವಿ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಲೀಲಾವತಿ’, ‘ಚಿತ್ರಹಸುಗೆ’ ಮೊದಲಾದವುಗಳನ್ನು ರಚಿಸಿ, ಗಣಿತಕ್ಕೆ ದೇಶಭಾಷೆಯ ಮಾತು ಕೊಟ್ಟ. ಭೂಮಿಯನ್ನು ಅಳೆದವರೂ ದಾನದ ಲೆಕ್ಕ ಬರೆದವರೂ ಆಡುತ್ತಿದ್ದ ಭಾಷೆ ಅದೇ ಕನ್ನಡ.

ಓದುಗನ ಕೈಯಲ್ಲಿ ಒಂದು ಒರೆಗಲ್ಲು

ಸಾಹಿತ್ಯದ ವಿದ್ಯಾರ್ಥಿಗೆ ಇದರಿಂದ ಏನು ಪ್ರಯೋಜನ ಎಂದು ಕೇಳಬಹುದು. ಪುರಾಣಗಳ ಲೋಕಸ್ವರೂಪ ವರ್ಣನೆಯ ಭಾಗವನ್ನು ಬಹುಪಾಲು ಓದುಗರು ಬಿಟ್ಟು ಹೋಗುತ್ತಾರೆ. ಸಂಪಾದಕರೂ ಅಲ್ಲಿನ ಸಂಖ್ಯೆಗಳನ್ನು ಪ್ರತಿಯಲ್ಲಿದ್ದಂತೆ ಅಚ್ಚು ಹಾಕಿ ಮುಂದೆ ಸಾಗುವುದುಂಟು. ಆದರೆ ಓಲೆಗರಿಯಲ್ಲಿ ಅತಿ ಸುಲಭವಾಗಿ ಕೆಡುವುದು ಸಂಖ್ಯೆಯೇ. ಅಂಕಗಳು ಹಿಂದುಮುಂದಾಗುತ್ತವೆ. ಸಂಖ್ಯೆಯನ್ನು ಪದಗಳಲ್ಲಿ ಸಂಕೇತಿಸಿದಾಗ ಅವನ್ನು ಬಿಡಿಸ್ಥಾನದಿಂದ, ಎಂದರೆ ಬಲದಿಂದ ಎಡಕ್ಕೆ, ಜೋಡಿಸಬೇಕು. ಪಕ್ಷ, ಗಿರಿ, ರಸ ಎಂದರೆ 2, 7, 6. ಓದಬೇಕಾದದ್ದು 672 ಎಂದು. ಲಿಪಿಕಾರನೊಬ್ಬ ಪದಗಳ ಕ್ರಮ ತಪ್ಪಿಸಿ ಗಿರಿ, ಪಕ್ಷ, ರಸ ಎಂದು ಬರೆದರೆ ಅದು 627 ಆಗುತ್ತದೆ. ಛಂದಸ್ಸು ಎರಡನ್ನೂ ಒಪ್ಪಿಕೊಳ್ಳುವ ಕಡೆ, ವ್ಯಾಕರಣಕ್ಕೂ ತಕರಾರಿಲ್ಲದ ಕಡೆ, ಯಾವುದು ಸರಿಯಾದ ಪಾಠ ಎಂದು ತೀರ್ಮಾನಿಸುವುದು ಹೇಗೆ? 42ನ್ನು 16ರಿಂದ ಗುಣಿಸಿದರೆ 672 ಬರುತ್ತದೆ, 627 ಬರುವುದಿಲ್ಲ. ಅಲ್ಲಿ ವರ್ಗಾಂತರವೇ ಪಾಠಪರಿಷ್ಕರಣದ ಒರೆಗಲ್ಲು. ಶಾಸನದ ಭೂಮಿಯ ಲೆಕ್ಕಕ್ಕೂ ಇದೇ ನ್ಯಾಯ ಸಲ್ಲುತ್ತದೆ. ಎರಡು ಶಾಸನಗಳ ಮತ್ತರುಗಳನ್ನು ಹೋಲಿಸಿ, ಈ ದಾನ ಹಿರಿದು ಆ ದಾನ ಕಿರಿದು ಎಂದು ಬರೆಯುವ ಮುನ್ನ ಎರಡೂ ಕಡೆ ಕೋಲು ಯಾವುದು ಎಂದು ನೋಡಬೇಕು. ಕೋಲಿನ ಹೆಸರನ್ನು ಬಿಟ್ಟು ಮಾಡಿದ ಹೋಲಿಕೆ ಐದರಲ್ಲೊಂದು ಪಾಲು ತಪ್ಪಬಹುದು ಎಂಬುದನ್ನು ಮೇಲಿನ ಲೆಕ್ಕ ತೋರಿಸಿದೆ.

ಬಳ್ಳಿಗಾವಿಯ ವಿದ್ಯಾಲೋಕ ಇಂಥ ಓದಿಗೆ ಹೊರತಾಗಿರಲಿಲ್ಲ. ಕೋಡಿಯಮಠದ 1162ರ ಶಾಸನ ಅಲ್ಲಿ ಅಧ್ಯಯನಕ್ಕಿದ್ದ ವಿಷಯಗಳನ್ನು ಹೇಳುತ್ತದೆ. ಸಾಂಗವಾದ ನಾಲ್ಕು ವೇದಗಳು, ಷಡ್ದರ್ಶನಗಳು, ಲಾಕುಲ ಸಿದ್ಧಾಂತ, ಪುರಾಣ, ಕಾವ್ಯ, ನಾಟಕಗಳ ಜೊತೆಗೆ ವ್ಯಾಕರಣಗಳ ಪಟ್ಟಿಯಲ್ಲಿ ಕೌಮಾರ, ಪಾಣಿನೀಯಗಳ ಪಕ್ಕದಲ್ಲಿ ಶಾಕಟಾಯನವೂ ಇದೆ. ಅದು ಜೈನಾಚಾರ್ಯ ಪಾಲ್ಯಕೀರ್ತಿಗಳ ವ್ಯಾಕರಣ. ಅದರ ವೃತ್ತಿಗೆ ಅಮೋಘವೃತ್ತಿ ಎಂದು ಹೆಸರು, ಅಮೋಘವರ್ಷನ ಹೆಸರಿನಲ್ಲಿ. ಮಹಾವೀರಾಚಾರ್ಯರು ಸ್ತುತಿಸಿದ ಅದೇ ದೊರೆಯ ಕಾಲದ ಜೈನ ಶಾಸ್ತ್ರವೊಂದು ಮುನ್ನೂರು ವರ್ಷಗಳ ಬಳಿಕ ಬಳ್ಳಿಗಾವಿಯ ಕಾಳಾಮುಖ ಶೈವಮಠದಲ್ಲಿ ಪಾಠವಾಗುತ್ತಿತ್ತು. ಶಾಸ್ತ್ರಕ್ಕೆ ಮತದ ಬೇಲಿ ಹಾಕದ ಊರು ಅದು.

ಗಣಿತಸಾರಸಂಗ್ರಹ ಮತ್ತೆ ಬೆಳಕಿಗೆ ಬಂದದ್ದು 1912ರಲ್ಲಿ, ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಅದನ್ನು ಪ್ರಕಟಿಸಿದಾಗ. ಅವರಿಗೆ ನೆರವಾದ ಪ್ರತಿಗಳಲ್ಲಿ ಕನ್ನಡ ಲಿಪಿಯ ಓಲೆಗರಿಯೂ ಸೇರಿತ್ತು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದದೊಂದಿಗೆ ಆ ಗ್ರಂಥ ಹೊಂಬುಜ ಜೈನಮಠದಿಂದ ಹೊರಬಂತು. ಹೊಂಬುಜ ಇರುವುದು ಬಳ್ಳಿಗಾವಿಯ ಜಿಲ್ಲೆಯಾದ ಶಿವಮೊಗ್ಗದಲ್ಲಿಯೇ. ಅನುವಾದವೂ ಕೈಗೆ ಸಿಗುತ್ತದೆ, ಶಾಸನಗಳ ಪಾಠವೂ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟದಲ್ಲಿ ಸಿಗುತ್ತದೆ. ಎರಡನ್ನೂ ಒಂದೇ ಮೇಜಿನ ಮೇಲೆ ತೆರೆದಿಟ್ಟು, ದಾನದ ಸಾಲುಗಳನ್ನು ಕೋಲಿನ ಹೆಸರಿನಿಂದ ಆರಂಭಿಸಿ ಓದುವ ಕೆಲಸ ಸಂಶೋಧಕರಿಗಾಗಿ ಕಾದಿದೆ.